ಅಪ್ಪನ ಮಿಕ್ಸಿನಲ್ಲಿದ್ದ ಹೆಂಗಸು

ನರಿನ್
೮ ಅಕ್ಟೋಬರ್ ೨೦೧೯, ಮಂಗಳವಾರ

ಮುದ್ದಿನ ಮಗಳು ಜಿಪಾರ್‌ಗೆ,

ನಿನ್ನ ಅಪ್ಪ ಎರಡೂ ಸ್ಪೀಕರ್ ಪೆಟ್ಟಿಗೆಗಳನ್ನು ಇವತ್ತು ಬೆಳಿಗ್ಗೆ ಕಾರಿನ ಡಿಕ್ಕಿಗೆ ಏರಿಸಿದ್ದಾರೆ. ನಾನು ಕಣ್ಣಾರೆ ನೋಡಲಿಲ್ಲ. ಹಾಲು ತರಲು ಹೋದಾಗ ಎದುರು ಮನೆಯ ಅಜ್ಜಿ ಹೇಳಿದಳು. "ಏನಮ್ಮಾ ಬೂರುಲ್, ನಿಮ್ಮವರು ಶನಿವಾರದ ಪ್ರಯಾಣಕ್ಕೆ ಮಂಗಳವಾರಾನೇ ಸಾಮಾನು ತುಂಬ್ತಿದ್ದಾರೆ. ಕುರಿ ಎಲ್ಲಿ ಕೂರುತ್ತೆ, ನಿನ್ನ ತೊಡೆ ಮೇಲಾ?" ಹೋಗಿ ನೋಡಿದೆ. ಹೌದು, ಕುರಿಗೆ ಜಾಗವಿಲ್ಲ. ಕೋಚ್ಕೋರ್‌ನಲ್ಲಿ ನನ್ನ ತವರುಮನೆಯಲ್ಲಿ ಅವತ್ತು ನಿನ್ನ ಅಜ್ಜಿಯ ವರ್ಷದ ಊಟ. ಸತ್ತವರ ಊಟಕ್ಕೆ ಕುರಿ ಬಿಟ್ಟು ಸ್ಪೀಕರ್ ಹೊತ್ತುಕೊಂಡು ಹೋಗುವ ಅಳಿಯ ಈ ದೇಶದಲ್ಲಿ ಇವರೊಬ್ಬರೇ ಇರಬೇಕು. ಯಾಕೆ ಎಂಬುದನ್ನು ಮುಂದೆ ಬರೆಯುತ್ತೇನೆ.

ಮೊದಲು ಕ್ಷೇಮ ಸಮಾಚಾರ. ನಾವಿಬ್ಬರೂ ಆರೋಗ್ಯ. ಮಗುವಿಗೆ ದಡಾರ ಇಳಿಯುವ ಮುಂಚೆ ಅದನ್ನು ಎತ್ತಿಕೊಂಡು ಗಡಿ ದಾಟಿ ಬರುವ ಯೋಚನೆ ಬೇಡ. ಸತ್ತವಳು ನಿನ್ನನ್ನು ಬೈಯುವುದಿಲ್ಲ. ಬದುಕಿರುವವರು ಬೈದರೆ ನಾನು ನೋಡಿಕೊಳ್ಳುತ್ತೇನೆ.

ಪತ್ರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕಳೆದ ತಿಂಗಳು ನೀನು ಫೋನಿನಲ್ಲಿ ಬರೆದಿದ್ದೆ: "ಅಪ್ಪ ಕಳಿಸಿದ ಹೊಸ ಮಿಕ್ಸ್ ಕೇಳಿದೆ ಅಮ್ಮ, ಮೈ ಜುಮ್ ಅಂತು. ಹಾಡಿರೋಳು ಯಾರು?" ಅದರ ಮುಂದೆ ಮೂರು ಕೆಂಪು ಹೃದಯಗಳನ್ನೂ ಇಟ್ಟಿದ್ದೆ. ಆಗ ನಾನು ಅದನ್ನು ಕೇಳಿರಲೇ ಇಲ್ಲ. ಕೇಳಿದ ಮೇಲೆ, ಅದು ಫೋನಿನಲ್ಲಿ ಕೊಡುವ ಉತ್ತರ ಅಲ್ಲ ಅನ್ನಿಸಿತು. ಬರೆದರೆ ನಿನ್ನ ಅಪ್ಪ ಹೆಗಲ ಮೇಲಿಂದ ಓದುತ್ತಾರೆ, ಮಾತಾಡಿ ಕಳಿಸಿದರೆ ಕದಿಯುತ್ತಾರೆ. ಹೋದ ವರ್ಷದ ವಸಂತದಲ್ಲಿ "ನೆಲಮಾಳಿಗೆಯಲ್ಲಿ ಆಲೂಗಡ್ಡೆ ಕೊಳೀತಿದೆ, ಬೇಗ ಬನ್ನಿ" ಎಂದು ನಾನು ಕಳಿಸಿದ ಮಾತಿನ ಕೆಳಗೆ ಡೋಲು ಹಾಕಿ, ಮನೆಗೆ ಹಲ್ಲು ಕಟ್ಟಿಸಿಕೊಳ್ಳಲು ಬಂದವರಿಗೆಲ್ಲ ಕೇಳಿಸಿದರು. ಈಗಲೂ ಸಂತೆಯಲ್ಲಿ ನನ್ನನ್ನು ಕಂಡರೆ ಮಾಂಸದಂಗಡಿಯವನು "ಆಲೂಗಡ್ಡೆ, ಆಲೂಗಡ್ಡೆ" ಎಂದು ಭುಜ ಕುಣಿಸುತ್ತಾನೆ. ಆದ್ದರಿಂದ ಕಾಗದ. ಆಲ್ಮಾಟಿಗೆ ಹೊರಟ ಟ್ಯಾಕ್ಸಿಯವನ ಕೈಯಲ್ಲಿ, ಬೆಣ್ಣೆ ಡಬ್ಬಿಯ ಜೊತೆ ಕಳಿಸುತ್ತಿದ್ದೇನೆ. ಬೆಣ್ಣೆಯನ್ನು ನಿನ್ನ ಗಂಡನ ಮನೆಯವರಿಗೂ ಕೊಡು.

ಈ ರೋಗ ಶುರುವಾಗುವ ಮೊದಲೇ ನೀನು ಮದುವೆಯಾಗಿ ಹೋದೆ, ಪುಣ್ಯವಂತೆ. ಆಸ್ಪತ್ರೆಯ ಹಲ್ಲು ಕಟ್ಟುವ ಕೋಣೆಯಿಂದ ನಿವೃತ್ತರಾದ ಮೇಲೆ ನಿನ್ನ ಅಪ್ಪ, ಮುಚ್ಚಿಹೋದ ಒಂದು ಹೋಟೆಲಿನವರಿಂದ ಹಾಡುಗಳನ್ನು ಒಂದಕ್ಕೊಂದು ಬೆಸೆಯುವ, ಎರಡು ತಟ್ಟೆಯ ಆ ಯಂತ್ರವನ್ನು ಕೊಂಡರು. 'ಡಿಜೆ ಚಿನ್ನದ ಹಲ್ಲು' ಎಂದು ತಮಗೆ ತಾವೇ ಹೆಸರಿಟ್ಟುಕೊಂಡರು. ದೋಲೋನ್ ಘಾಟಿ ಹತ್ತುವಾಗ ಕೇಳಲು ಒಂದು ಮಿಕ್ಸ್, ಇಳಿಯುವಾಗ ಇನ್ನೊಂದು. ಕಂಬಳಿ ಕೊಡವಲು ಒಂದು, ಕುದುರೆ ಮಾಂಸವನ್ನು ಕರುಳಿಗೆ ತುಂಬುವಾಗ ಒಂದು. ಆ ಕೊನೆಯದನ್ನು ನಾನು ಪೂರ್ತಿ ಕೇಳಿದ್ದೇನೆ, ಕೈ ಎರಡೂ ಮಾಂಸದಲ್ಲಿದ್ದವು, ನಿಲ್ಲಿಸಲು ಆಗಲಿಲ್ಲ. ಕರುಳಿಗೂ ಆ ಹಾಡಿನ ಮಿಕ್ಸ್‌ಗೂ ವ್ಯತ್ಯಾಸ ತಿಳಿಯಲಿಲ್ಲ. ಎರಡೂ ಉದ್ದಕ್ಕೆ ಇದ್ದವು, ಯಾವುದು ಶುರು ಯಾವುದು ಕೊನೆ ಎಂದು ಗೊತ್ತಾಗುತ್ತಿರಲಿಲ್ಲ. ಎಲ್ಲವನ್ನೂ ಪೆನ್‌ಡ್ರೈವಿಗೆ ತುಂಬಿ, ಕಟ್ಟಿಸಿದ ಹಲ್ಲಿನ ಜೊತೆ ಪುಕ್ಕಟೆ ಕೊಡುತ್ತಾರೆ. ಜನ ಹಲ್ಲು ಇಟ್ಟುಕೊಳ್ಳುತ್ತಾರೆ. ಪೆನ್‌ಡ್ರೈವಿನಲ್ಲಿ ಇದ್ದದ್ದನ್ನು ಅಳಿಸಿ ಮಕ್ಕಳ ಫೋಟೋ ತುಂಬುತ್ತಾರೆ.

ಒಂದು ಹಾಡನ್ನು ಇವರು ಕೊನೆಯವರೆಗೆ ಕೇಳಿದ್ದನ್ನು ನಾನು ನೋಡಿರಲಿಲ್ಲ. ಅರ್ಧ ಚರಣ ಆಗುವಷ್ಟರಲ್ಲಿ "ಸಾಕು, ಸಿಕ್ತು" ಅನ್ನುತ್ತಾರೆ. ಏನು ಸಿಕ್ಕಿತು ಎಂದು ಕೇಳಿದರೆ "ಜಾಗ" ಅನ್ನುತ್ತಾರೆ. ಮುಂದಿನ ಹಾಡನ್ನು ತಂದು ಅಂಟಿಸುವ ಜಾಗ. ಹಲ್ಲು ಕಟ್ಟುವವರ ಬುದ್ಧಿ ಅದು. ಚಿನ್ನದ ಟೊಪ್ಪಿಗೆ ಹಲ್ಲಿಗೆ ಸೇರುವ ಅಂಚನ್ನು ನಾಲಿಗೆಗೆ ಗೊತ್ತಾಗದ ಹಾಗೆ ಉಜ್ಜುತ್ತಾರಲ್ಲ, ಹಾಡುಗಳನ್ನೂ ಹಾಗೇ ಉಜ್ಜುತ್ತಾರೆ. ಅದರಲ್ಲಿ ಏನು ಹೇಳುತ್ತಿದ್ದಾರೆ ಎಂದು ಕೇಳಿದರೆ, "ಪದ ಯಾರಿಗೆ ಬೇಕು ಮುದುಕಿ? ನಂಗೆ ದನಿ ಸಾಕು" ಎಂಬ ಉತ್ತರ. ಮದುವೆಯಾದ ದಿನದಿಂದ ನನ್ನ ಮಾತನ್ನೂ ಅವರು ಹೀಗೇ ಕೇಳುತ್ತಿದ್ದಾರೆ ಎಂದು ನನಗೆ ಆಗ ತಿಳಿಯಿತು.

ಕಳೆದ ಅಕ್ಟೋಬರ್‌ನಲ್ಲಿ ನಿನ್ನ ಅಜ್ಜಿ ತೀರಿಕೊಂಡಾಗ, ವರ್ಷ ತುಂಬುವವರೆಗೆ ಈ ಮನೆಯಲ್ಲಿ ಹಾಡು ಕೂಡದು ಎಂದೆ. ಹೊಸದೇನಲ್ಲ, ಎಲ್ಲರ ಮನೆಯಲ್ಲೂ ಇರುವ ಪದ್ಧತಿ. ನಿನ್ನ ಅಪ್ಪ ದೊಡ್ಡ ತ್ಯಾಗ ಮಾಡಿದವರಂತೆ ಹೆಡ್‌ಫೋನ್ ಹಾಕಿಕೊಂಡರು. ನನ್ನ ಮನೆ ನಿಶ್ಶಬ್ದ, ಮೂಲೆಯಲ್ಲಿ ಒಲೆಯ ಪಕ್ಕ ಒಬ್ಬ ಮುದುಕ, ನೊಣ ಮುತ್ತಿದ ಕುದುರೆಯ ಹಾಗೆ ತಲೆ ಆಡಿಸುತ್ತಿರುವುದು. ವರ್ಷವಿಡೀ ನಾನು ನೋಡಿದ್ದು ಇದನ್ನೇ. ಒಂದು ಮಾತ್ರ ಬೇರೆ. ಚಳಿ ಬಲವಾದ ಮೇಲೆ, ಸಂಜೆ ಟೀ ಕೊಟ್ಟ ಹೊತ್ತಿಗೆ ಅವರು ಏನೋ ಒಂದನ್ನು ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದರು. ತಲೆ ಆಡುತ್ತಿರಲಿಲ್ಲ. ಬಟ್ಟಲು ಕೈಯಲ್ಲೇ ಇರುತ್ತಿತ್ತು. "ಟೀ ಆರಿತು" ಎಂದರೆ ಕಣ್ಣು ತೆರೆಯದೆ, ಸುಮ್ಮನಿರು ಎಂದು ಕೈ ಬೀಸುತ್ತಿದ್ದರು. ವಯಸ್ಸಾಯಿತು, ಕೊನೆಗೂ ಒಂದು ಹಾಡನ್ನು ಪೂರ್ತಿ ಕೇಳುತ್ತಿದ್ದಾರೆ, ಇರಲಿ ಎಂದುಕೊಂಡೆ.

ಈಗ ಚೋಲ್ಪೋನಾಯ್ ಮದುವೆಯ ವಿಷಯ. ನಿನಗೆ ಅಲ್ಲಿ ಇಲ್ಲಿ ಕೇಳಿ ಗೊತ್ತಾಗಿರಬಹುದು, ನಡೆದದ್ದು ಹೀಗೆ.

ನಿನ್ನ ಚಿಕ್ಕಪ್ಪನ ಮಗಳಾದ್ದರಿಂದ, ಅವಳನ್ನು ಗಂಡನ ಕಡೆಯವರಿಗೆ ಒಪ್ಪಿಸುವಾಗ ಬಾಗಿಲಲ್ಲಿ ಅಳುಹಾಡು ಹಾಡಬೇಕಾದವರು ನಿನ್ನ ಕುಮುಷ್ ಅತ್ತೆ, ಮನೆತನದ ಹಿರಿಯ ಹೆಣ್ಣುಮಗಳು. ಆದರೆ ಅವರ ಮುಂದಿನ ಎರಡು ಹಲ್ಲು ಬೇಸಿಗೆಯಲ್ಲೇ ಬಿದ್ದಿದ್ದವು. ಹೊಸ ಹಲ್ಲು ಕಟ್ಟಬೇಕಾದ ತಮ್ಮನಿಗೆ ಮಿಕ್ಸ್ ಮಾಡುವ ಕೆಲಸವಿತ್ತು. ಹಲ್ಲಿಲ್ಲದೆ ಹಾಡಿದರೆ ಗಾಳಿ ಬರುತ್ತದೆ, ಪದ ಬರುವುದಿಲ್ಲ. ನಿನ್ನ ಅಪ್ಪ ಎದೆ ತಟ್ಟಿಕೊಂಡರು. "ನೀನು ಯೋಚ್ನೆ ಮಾಡ್ಬೇಡ ಅಕ್ಕ. ನನ್ನ ಹತ್ರ ಒಂದು ದನಿ ಇದೆ. ಹೆಣ್ಣೊಪ್ಪಿಸೋ ಹಾಡು ಅಂದ್ರೆ ಏನು ಅಂತ ಈ ಊರು ಇವತ್ತು ಕೇಳ್ಬೇಕು."

ಊರು ಕೇಳಿತು. ಚೋಲ್ಪೋನಾಯ್ ಬಿಳಿ ಶಾಲು ಹೊದ್ದು ಛತ್ರದ ಬಾಗಿಲಲ್ಲಿ ನಿಂತಿದ್ದಳು, ಪಕ್ಕದಲ್ಲಿ ಬೀಗಿತ್ತಿ. ನಿನ್ನ ಅಪ್ಪ ಒಂದು ಕೈ ಮೇಲೆತ್ತಿ, ಇನ್ನೊಂದು ಕೈಯಿಂದ ಗುಂಡಿ ಒತ್ತಿದರು. ಮೊದಲು ಡೋಲಿನ ಏಟು, ಅದರ ಮೇಲೆ ಒಬ್ಬ ಹೆಂಗಸಿನ ದನಿ. ಹುಡುಗರು ಫೋನ್ ಎತ್ತಿ ಹಿಡಿದರು. ಗಂಡಿನ ಗೆಳೆಯರು ಭುಜ ಕುಣಿಸಿದರು. ಮುದುಕಿಯರ ಮೇಜಿನಲ್ಲಿ ಮಾತ್ರ, ಬಾಯಿಗೆ ಹೋಗುತ್ತಿದ್ದ ಕರಿದ ಬೋರ್ಸೋಕ್ ತುಂಡು ತಟ್ಟೆಗೆ ವಾಪಸು ಬಂತು. ಒಬ್ಬಳು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಪಕ್ಕದವಳೂ ತಿರುಗಿದಳು. ಮೂರನೆಯವಳು ಎರಡೂ ಮುಷ್ಟಿಗಳನ್ನು ಸೊಂಟಕ್ಕೆ ಒತ್ತಿ ಹಿಡಿದು ದನಿ ತೆಗೆದು ಅಳತೊಡಗಿದಳು. ಹೆಣದ ಮುಂದಿನ ಹಾಡು ಕಿವಿಗೆ ಬಿದ್ದರೆ ನಮ್ಮ ಹೆಂಗಸರು ಹಾಗೆ ಮಾಡುವುದು ಯೋಚಿಸಿ ಅಲ್ಲ, ಮೈಯೇ ತಿರುಗುತ್ತದೆ. ಗಂಡಿನ ಕಡೆಯ, ಕಿವಿ ಸ್ವಲ್ಪ ಮಂದವಾದ ಒಬ್ಬ ಅಜ್ಜ ಅಂಗೈ ಎರಡನ್ನೂ ಬಿಚ್ಚಿ ಮುಖಕ್ಕೆ ಸವರಿಕೊಂಡು, ಪಕ್ಕದವನನ್ನು ಕೇಳಿದ. "ಯಾರಪ್ಪಾ ಹೋದೋರು? ಅವರ ಕಡೆಯೋರಾ, ನಮ್ಮ ಕಡೆಯೋರಾ?"

ಬೀಗಿತ್ತಿ ಕೂಗಲಿಲ್ಲ. "ನಾವು ಸೊಸೇನ ಕರ್ಕೊಂಡು ಹೋಗೋಣ ಅಂತ ಬಂದ್ವಿ. ನೀವು ಹೆಣ ಕಳಿಸ್ತಿದ್ದೀರಿ" ಅಂದರು ಅಷ್ಟೆ. ಕುಮುಷ್ ಅತ್ತೆ ಹೋಗಿ ಸ್ಪೀಕರಿನ ತಂತಿ ಕಿತ್ತು, ಅದನ್ನು ಸುತ್ತಿ ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಹುಡುಗಿ ಹಾಡಿಲ್ಲದೆ ಹೊಸ್ತಿಲು ದಾಟಿದಳು. ನಾನು ಎಲ್ಲಿದ್ದೆ ಎಂದು ಕೇಳಿದರೆ, ಕೂತಲ್ಲೇ ಇದ್ದೆ. ಗೋಡೆಯ ಕಡೆ ತಿರುಗಲೂ ಇಲ್ಲ. ಕೈಯಲ್ಲಿ ಚಮಚ ಇತ್ತು.

ವಿಚಾರಣೆ ನಮ್ಮ ಅಡುಗೆಮನೆಯಲ್ಲೇ ನಡೆಯಿತು. ಕುಮುಷ್ ಅತ್ತೆ ಒಲೆಯ ಪಕ್ಕ, ನಿನ್ನ ಅಪ್ಪನ ಜಾಗದಲ್ಲೇ ಕೂತು ತಮ್ಮನನ್ನು ಕೇಳಿದರು.

"ಎಸೆನ್‌ಕುಲ್, ಅದು ಯಾವ ಹಾಡು ಅಂತ ಗೊತ್ತಿತ್ತೇನೋ ನಿಂಗೆ?"

"ಹೆಣ್ಣೊಪ್ಪಿಸೋ ಹಾಡು ಅನ್ಕೊಂಡೆ ಅಕ್ಕ. ಧಾಟಿ ಅದೇ ಅಲ್ವಾ?"

"ಧಾಟಿ ಅದೇ. ನಿನ್ನ ಕಿವೀನೂ ನಮ್ಮ ಕತ್ತೆ ಕಿವೀನೂ ಒಂದೇ ಅಳತೆ. ಹಂಗಂತ ನಿನ್ನ ಬೆನ್ನ ಮೇಲೆ ಮೂಟೆ ಹೇರಿದ್ದೀವಾ?"

"ಎರಡರಲ್ಲೂ ಹೆಣ್ಣು ಮನೆ ಬಿಟ್ಟು ಹೋಗೋದು ತಾನೇ? ತಪ್ಪಾಯ್ತು, ಆದ್ರೆ ಅಷ್ಟು ದೊಡ್ಡ ತಪ್ಪಲ್ಲ."

"'ನಿನ್ನ ಹಾಲಿನ ಋಣ ಮಣ್ಣಿಗೆ ತೀರಿಸಿ ಬಂದೆ' ಅಂತಾಳಲ್ಲೋ ಅವಳು. ಅದೂ ಕೇಳಿಸ್ಲಿಲ್ವಾ?"

"ನಾನು ಪದ ಕೇಳಲ್ಲ ಅಕ್ಕ."

"ಮತ್ತೆ ಏನು ಕೇಳ್ತೀಯ?"

ನಿನ್ನ ಅಪ್ಪ ಆಗ ಕೊಟ್ಟ ಉತ್ತರವನ್ನು ಇದ್ದ ಹಾಗೇ ಬರೆಯುತ್ತೇನೆ. "ದನಿ. ಇಡೀ ಚಳಿಗಾಲ ನಾನು ಆ ದನಿ ಜೊತೆ ಕಳೆದೆ. ಆಣೆ ಮಾಡಿ ಹೇಳ್ತೀನಿ, ಒಂದು ಸಲಾನೂ ಅರ್ಧಕ್ಕೆ ನಿಲ್ಲಿಸಿಲ್ಲ. ಕೋಚ್ಕೋರ್ ಕಡೆಯೋನು ಒಬ್ಬ ಹಲ್ಲು ಕಟ್ಟಿಸ್ಕೊಳ್ಳೋಕೆ ಬಂದಿದ್ದ, ಅವನ ಪೆನ್‌ಡ್ರೈವಲ್ಲಿ ಸಿಕ್ತು. ಹೆಸರಿಲ್ಲ, ಬರೀ ನಂಬರು."

"ಹಾಡಿರೋಳು ಯಾರು?" ಕುಮುಷ್ ಅತ್ತೆ ಇದನ್ನು ನಿಧಾನವಾಗಿ ಕೇಳಿದರು. ಕೇಳುವಾಗ ತಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಯಾರೋ ಹಳೇ ಕಾಲದ ಮುದುಕಿ. ಈಗ ಬದುಕಿರಲಿಕ್ಕಿಲ್ಲ. ಇಂಥ ದನಿ ಈಗ ಯಾವ ಮನೇಲಿದೆ ಹೇಳು?"

ಕುಮುಷ್ ಅತ್ತೆ "ಬೂರುಲ್, ಟೀ ಹಾಕಮ್ಮ" ಅಂದರು. ಹಾಕಿದೆ. ಅವರಿಗೆ ಮರ್ಯಾದೆಯಿಂದ ಬಟ್ಟಲಿನ ತಳ ಮುಚ್ಚುವಷ್ಟು. ನಿನ್ನ ಅಪ್ಪನ ಬಟ್ಟಲನ್ನು ಅಂಚಿನವರೆಗೆ ತುಂಬಿದೆ. ತುಂಬಿದ ಬಟ್ಟಲು ಕೊಟ್ಟರೆ ಕುಡಿದು ಎದ್ದು ಹೋಗು ಎಂದು ಅರ್ಥ, ನಮ್ಮಲ್ಲಿ ಇದು ಮಗುವಿಗೂ ಗೊತ್ತು. ಅವರು "ಓಹೋ, ಇವತ್ತು ಧಾರಾಳ" ಎಂದು ಹೇಳಿ ಸೊರ್ರೆಂದು ಕುಡಿದರು.

ತೀರ್ಪು ಹೀಗಾಯಿತು. ಗಂಡಿನ ಮನೆಗೆ ಒಂದು ಕುರಿ ಕೊಂಡುಹೋಗಿ ಕೊಯ್ಯಿಸಿ ಅಪಶಕುನ ಕಳೆಯಬೇಕು. ಬೀಗಿತ್ತಿಗೆ ಎರಡು ಚಿನ್ನದ ಟೊಪ್ಪಿಗೆ ಮಾಡಿಕೊಡಬೇಕು. ಅಕ್ಕನ ಹಲ್ಲು ಅದಕ್ಕೂ ಮೊದಲು. ನಮ್ಮ ಮನೆತನದ ಯಾವ ಮದುವೆಯಲ್ಲೂ ಇವರು ಆ ಯಂತ್ರ ಮುಟ್ಟಕೂಡದು. ಕುರಿ ಹೋಯಿತು, ಹಲ್ಲುಗಳು ಆದವು. ಬೀಗಿತ್ತಿ ಈಗ ಬಾಯಿ ತುಂಬ ನಗುತ್ತಾರಂತೆ, ಚೋಲ್ಪೋನಾಯ್ ಚೆನ್ನಾಗಿದ್ದಾಳಂತೆ. ಅವಳೇ ಫೋನ್ ಮಾಡಿ ಹೇಳಿದಳು, ಆದ್ದರಿಂದ ನಂಬಬಹುದು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಮೂರ್ಖರು ಯಾವಾಗಲೂ ತೀರ್ಪಿನಲ್ಲಿ ಬಿಟ್ಟುಹೋದ ಒಂದು ಸಂದು ಹುಡುಕುತ್ತಾರೆ. ಭಾನುವಾರ ಊಟಕ್ಕೆ ಕೂತಾಗ ನಿನ್ನ ಅಪ್ಪ ಮುಖ ಅರಳಿಸಿಕೊಂಡು ಹೇಳಿದರು.

"ಮದುವೇಲಿ ಮುಟ್ಟಬಾರದು ಅಂದ್ರು. ಸರಿ. ಅದು ಸಾವಿನ ಹಾಡು ಅಂದ್ರು. ಅದೂ ಸರಿ. ಹಾಗಾದ್ರೆ ಅದರ ಜಾಗ ಯಾವುದು? ನಿಮ್ಮಮ್ಮನ ವರ್ಷದ ಊಟ."

ನಾನು ಚಮಚ ಕೆಳಗಿಟ್ಟೆ. "ಅಲ್ಲಿ ಹಾಡೋದು ಮಗಳು. ಅಂದ್ರೆ ನಾನು."

"ಗೊತ್ತು ಮುದುಕಿ. ಆದ್ರೆ ನಿನ್ನ ಗಂಟಲು ಒಡೆದುಹೋಗಿದೆ. ಇಪ್ಪತ್ತು ಹಳ್ಳಿಯಿಂದ ಜನ ಬರ್ತಾರೆ, ಅವರ ಮುಂದೆ ನೀನ್ಯಾಕೆ ಕೆಮ್ಮಬೇಕು? ಡೋಲು ತೆಗೆದುಬಿಡ್ತೀನಿ. ಬರೀ ದನಿ, ಎರಡು ಸ್ಪೀಕರಲ್ಲಿ, ಬೆಟ್ಟದವರೆಗೂ ಕೇಳಬೇಕು. ನಿಮ್ಮಮ್ಮ ದೊಡ್ಡ ಮನುಷ್ಯೆ, ಅವರಿಗೆ ಒಳ್ಳೇ ದನಿ ಸಿಗ್ಲಿ. ನೀನು ಆರಾಮಾಗಿ ಗೋಡೆ ಕಡೆ ಮುಖ ಮಾಡಿ ಕೂತಿರು, ಸಾಕು."

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದಕ್ಕೇ ಬೈಯಲು ನನಗೆ ಬಾಯಿ ಬರಲಿಲ್ಲ. ಹೇಳಿ, ಮೂಳೆ ಚೀಪುತ್ತಾ ಹೆಡ್‌ಫೋನ್ ಹಾಕಿಕೊಂಡರು.

ವರ್ಷದ ಊಟದ ದಿನ ಎಂದರೆ ಏನು ಎಂದು ನಿನಗೆ ಗೊತ್ತು. ಅವತ್ತು ಮಗಳು ತಾಯಿಗಾಗಿ ಕೊನೆಯ ಸಲ ಹಾಡುತ್ತಾಳೆ. ಆಮೇಲೆ ನನ್ನ ಕಪ್ಪು ಶಾಲು ತೆಗೆದು ಬಿಳಿಯದು ಹೊದಿಸುತ್ತಾರೆ, ಅಲ್ಲಿಂದಾಚೆ ಅವಳ ಹೆಸರಿನಲ್ಲಿ ಯಾರೂ ದನಿ ಎತ್ತುವಂತಿಲ್ಲ. ಆ ಒಂದು ಸಲವನ್ನು ಇವರು ಸ್ಪೀಕರಿಗೆ ಕೊಡಬೇಕು ಅಂತ ಹೊರಟಿದ್ದಾರೆ. ಭಾನುವಾರದಿಂದ ಇವತ್ತಿನವರೆಗೆ ನಾನು ಬೇಡ ಎಂದದ್ದನ್ನು ಅವರು ಎಂದಿನ ಹಾಗೇ ಕೇಳಿಸಿಕೊಂಡಿದ್ದಾರೆ. ಪದ ಬಿಟ್ಟು.

ಹೋಗಲಿ. ಮಗುವಿಗೆ ಬಿಸಿನೀರಿನಲ್ಲಿ ಮೈ ಒರೆಸು, ಸ್ನಾನ ಬೇಡ. ನಿನ್ನ ಗಂಡನಿಗೆ ನನ್ನ ಸಲಾಮು ತಿಳಿಸು. ಅವನು ಊಟ ಮಾಡುವಾಗ ಏನಾದರೂ ಕಿವಿಗೆ ಹಾಕಿಕೊಳ್ಳುವ ಅಭ್ಯಾಸ ಶುರು ಮಾಡಿದ್ದರೆ ಈಗಲೇ ಬಿಡಿಸು, ಮುಂದೆ ಆಗುವುದಿಲ್ಲ. ನಿನ್ನ ಒಲೆ ಆರದಿರಲಿ, ನಿನ್ನ ಮಗುವಿನ ಆಯುಸ್ಸು ಉದ್ದವಾಗಲಿ, ನಿನ್ನ ಮಾತನ್ನು ಕೇಳುವವರು ನಿನ್ನ ಮನೆಯಲ್ಲಿರಲಿ.

ನಿನ್ನ ಅಮ್ಮ
ಬೂರುಲ್

ಮರೆತ ಮಾತು: ನೀನು ಕೇಳಿದ ಪ್ರಶ್ನೆ ಉಳಿದುಹೋಯಿತು. ಆ ಹೆಂಗಸು ನಾನು.

ಕಳೆದ ವರ್ಷ ನಿನ್ನ ಅಜ್ಜಿಯನ್ನು ಉಣ್ಣೆಯ ಡೇರೆಯಲ್ಲಿ ಮಲಗಿಸಿದಾಗ ನಾನು ಗೋಡೆಗೆ ಮುಖ ಮಾಡಿ ಹಾಡಿದೆ. ನಿನ್ನ ಸೋದರಮಾವನ ಹೆಂಡತಿ ಗುಲ್‌ಬಾರಾ ಹಿಂದೆ ಕೂತು ಶಾಲಿನೊಳಗೆ ಫೋನ್ ಹಿಡಿದಿದ್ದಳಂತೆ. ನಡುವಿನಿಂದ ಶುರು ಮಾಡಿದ್ದರಿಂದ ಅಜ್ಜಿಯ ಹೆಸರು ಅದರಲ್ಲಿ ಬಂದಿಲ್ಲ. ಅವಳು ತನ್ನ ತಂಗಿಗೆ ಕಳಿಸಿದಳು, ತಂಗಿ ಇನ್ನೊಬ್ಬರಿಗೆ. ಹಾಗೆ ಕೈಯಿಂದ ಕೈಗೆ ಹೋಗಿ ಯಾವನದೋ ಪೆನ್‌ಡ್ರೈವ್ ಸೇರಿ ನನ್ನ ಅಡುಗೆಮನೆಗೆ ವಾಪಸು ಬಂತು. ಇದನ್ನು ಗುಲ್‌ಬಾರಾಳೇ ಮೊನ್ನೆ ಒಪ್ಪಿಕೊಂಡಳು. ನಿನಗೆ ಗೊತ್ತಾಗದಿದ್ದುದರಲ್ಲಿ ನಿನ್ನ ತಪ್ಪಿಲ್ಲ. ನೀನು ಆಗ ಹೆರಿಗೆ ಆಸ್ಪತ್ರೆಯಲ್ಲಿದ್ದೆ, ಅದಕ್ಕೆ ಮೊದಲೂ ನಾನು ಹಾಡಿದ್ದನ್ನು ನೀನು ಎಂದೂ ಕೇಳಿರಲಿಲ್ಲ. ಕುಮುಷ್ ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ದರು, ಅವರಿಗೆ ಗೊತ್ತು. ನಿನ್ನ ಅಪ್ಪ ಆ ಮನೆಯ ಉಳಿದ ಅಳಿಯಂದಿರ ಜೊತೆ ಹೊರಗೆ ಸೌದೆ ಒಡೆಯುತ್ತಿದ್ದರು. ನಡುವೆ ಇದ್ದದ್ದು ಒಂದು ಉಣ್ಣೆಯ ಗೋಡೆ.

ಹಾಡುವಾಗ ನಡುವೆ ನನಗೆ ಒಂದು ಕೆಮ್ಮು ಬಂದಿತ್ತು. ಛತ್ರದಲ್ಲಿ ಆ ಜಾಗಕ್ಕಾಗಿ ಕಾದೆ. ಅವರು ಅದನ್ನು ಉಜ್ಜಿ ತೆಗೆದಿದ್ದಾರೆ. ಚೆನ್ನಾಗಿ ಉಜ್ಜಿದ್ದಾರೆ, ಅಂಚು ಗೊತ್ತಾಗುವುದಿಲ್ಲ.

ನಾನು ಅವರಿಗೆ ಹೇಳಿಲ್ಲ. ನೀನೂ ಹೇಳಬೇಡ. ಶನಿವಾರ ಬೆಳಿಗ್ಗೆ ಏಳಕ್ಕೆ ಹೊರಡುತ್ತೇವೆ. ಕುಮುಷ್ ಅತ್ತೆ ನಮ್ಮ ಕಾರಿನಲ್ಲೇ ಬರುತ್ತಾರೆ, ಸ್ಪೀಕರಿನ ತಂತಿ ಇನ್ನೂ ಅವರ ಕೈಚೀಲದಲ್ಲೇ ಇದೆ. ಹನ್ನೊಂದಕ್ಕೆ ಹೆಂಗಸರು ಡೇರೆಯೊಳಗೆ ಕೂರುತ್ತಾರೆ. ಹಾಡು ನಾನು ಶುರು ಮಾಡುತ್ತೇನೆ. ನಿನ್ನ ಅಪ್ಪ ಹೊರಗೆ, ಸೌದೆ ರಾಶಿಯ ಹತ್ತಿರ ಇರುತ್ತಾರೆ.